ಸ್ಲ್ಯಾಬಿನ ಅಂಚಿನಲ್ಲೊಂದು ಜಾಣತನ

ಆರ್ಕಿಟೆಕ್ಟ್ ಎಳೆದ ಡೊಂಕು ಗೆರೆಯನ್ನು ಯಾರಾದರೂ ತಂದು ತೋರಿಸಿದರೆ, ಸ್ಟ್ರಕ್ಚರಲ್ ಇಂಜಿನಿಯರಾದ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಹೊಡೆಯುವವರು ಯಾರು? ಚಿಕಾಗೋದ ಆರ್ಕಿಟೆಕ್ಟ್ ಜೀನ್ ಗ್ಯಾಂಗ್ ನನಗೆ ಮೆಚ್ಚುಗೆಯಾಗಿದ್ದು ಆ ಪ್ರಶ್ನೆಯಿಂದ ಅವರು ತಪ್ಪಿಸಿಕೊಳ್ಳಲಿಲ್ಲ ಎಂಬುದಕ್ಕೆ.

1964ರಲ್ಲಿ ಇಲಿನಾಯ್ ರಾಜ್ಯದ ಬೆಲ್ವಿಡೀರ್ ಎಂಬ ಊರಿನಲ್ಲಿ ಹುಟ್ಟಿದವರು. ಅಪ್ಪ ಸಿವಿಲ್ ಇಂಜಿನಿಯರ್, ಅಂದರೆ ಅರ್ಧ ನಮ್ಮ ಕಡೆಯವರೇ! ಹಾರ್ವರ್ಡ್‌ನಲ್ಲಿ ಓದಿ, ರಾಟರ್‌ಡ್ಯಾಮ್‌ನಲ್ಲಿ ಆರ್ಕಿಟೆಕ್ಟ್ ರೆಮ್ ಕೂಲ್‌ಹಾಸ್ ಅವರ ಕಚೇರಿಯಲ್ಲಿ ಪಳಗಿ, 1997ರಲ್ಲಿ ಚಿಕಾಗೋದಲ್ಲಿ ಸ್ಟುಡಿಯೋ ಗ್ಯಾಂಗ್ ಎಂಬ ತಮ್ಮದೇ ಕಚೇರಿ ಶುರುಮಾಡಿದರು.

ಅವರ ಮೊದಲ ಗಗನಚುಂಬಿಯೇ ಚಿಕಾಗೋದ 82 ಅಂತಸ್ತಿನ ಆಕ್ವಾ. ಮುಗಿದದ್ದು 2010ರ ಹೊತ್ತಿಗೆ. ಮೈತುಂಬ ಅಲೆ ಎದ್ದಂತೆ ಕಾಣುವ ಈ ಕಟ್ಟಡದ ಗುಟ್ಟು ಸರಳ. ಒಳಗಿರುವುದು ಮಾಮೂಲಿ ಗಾಜಿನ ಪೆಟ್ಟಿಗೆ, ಗೋಡೆ ನೆಟ್ಟಗೆ ಮೇಲೇರುತ್ತದೆ. ಬದಲಾಗುವುದು ಸ್ಲ್ಯಾಬಿನ ಹೊರ ಅಂಚು ಮಾತ್ರ. ಅದು ಗೋಡೆಯಿಂದಾಚೆ ಕೆಲವೆಡೆ 12 ಅಡಿಯವರೆಗೆ ಚಾಚುತ್ತದೆ, ಕೆಲವೆಡೆ ಗೋಡೆಗೇ ಅಂಟಿಕೊಳ್ಳುತ್ತದೆ. ಒಂದು ಮಹಡಿಯಂತೆ ಇನ್ನೊಂದಿಲ್ಲ. ಬಾಗುವ ಉಕ್ಕಿನ ಪಟ್ಟಿಯನ್ನು ಗುರುತಿಗೆ ತಕ್ಕಂತೆ ಬಗ್ಗಿಸಿ ಕಾಂಕ್ರೀಟ್ ಹಾಕಿ, ಅದನ್ನೇ ಬಿಚ್ಚಿ ಮೇಲಿನ ಮಹಡಿಗೆ ಒಯ್ದರು. ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಇದು ಬರೀ ಅಲಂಕಾರವಲ್ಲ. ಅಂಕುಡೊಂಕು ಅಂಚಿಗೆ ಬಡಿದ ಗಾಳಿ ಚೆದುರಿಹೋಗುತ್ತದೆ, ಹಾಗಾಗಿ ಬಹಳ ಎತ್ತರದ ಮನೆಗಳಿಗೂ ಬಾಲ್ಕನಿ ದಕ್ಕಿದೆ. ಬಿಸಿಲಿಗೆ ಸಜ್ಜಾ ಆಗುತ್ತದೆ. ಗಾಜಿಗೆ ಡಿಕ್ಕಿ ಹೊಡೆದು ಸಾಯುವ ವಲಸೆ ಹಕ್ಕಿಗಳು ಚಿಕಾಗೋದಲ್ಲಿ ಬಹಳ. ಅವುಗಳ ಕಣ್ಣಿಗೂ ಈ ಅಂಚುಗಳು ಬೀಳುತ್ತವೆ. ಒಂದು ತಕರಾರು ಮಾತ್ರ ನ್ಯಾಯವಾದದ್ದು: ಒಳಗಿನ ಸ್ಲ್ಯಾಬೇ ಹೊರಕ್ಕೆ ಚಾಚಿರುವುದರಿಂದ ಚಳಿಗಾಲದಲ್ಲಿ ಮನೆಯ ಶಾಖ ಅದರ ಮೂಲಕ ಸೋರುತ್ತದೆ. ಚಿಕಾಗೋದಂಥ ಚಳಿಯೂರಿನಲ್ಲಿ ಇದು ಸಣ್ಣ ಕೊರತೆಯಲ್ಲ.

2020ರಲ್ಲಿ ಮುಗಿದ ಅವರ ಇನ್ನೊಂದು ಗಗನಚುಂಬಿ, ಚಿಕಾಗೋದ ಸೇಂಟ್ ರೀಜಿಸ್, 101 ಅಂತಸ್ತು, 363 ಮೀಟರ್. ಮಹಿಳೆಯೊಬ್ಬರು ವಿನ್ಯಾಸ ಮಾಡಿದ ಕಟ್ಟಡಗಳಲ್ಲೇ ಅತಿ ಎತ್ತರದ್ದೆಂದು ಪತ್ರಿಕೆಗಳು ಅದನ್ನೇ ಎತ್ತಿ ಬರೆದವು. ನನಗೆ ಅದಕ್ಕಿಂತ ಮುಖ್ಯ ಅದರ 83ನೇ ಮಹಡಿ. ಅಲ್ಲಿ ಮನೆಯಿಲ್ಲ, ಗಾಜಿಲ್ಲ. ಗಾಳಿ ತೂರಿಹೋಗಲೆಂದು ಖಾಲಿ ಬಿಟ್ಟಿದ್ದಾರೆ. ಕಟ್ಟಡದ ತೂಗಾಟ ತಗ್ಗಿಸಲು ಮಾಡಿದ ಏರ್ಪಾಟು. ಚದರಡಿ ಲೆಕ್ಕದಲ್ಲಿ ಮಾರುವ ಜಾಗದಲ್ಲಿ ಇಡೀ ಒಂದು ಮಹಡಿಯನ್ನು ಗಾಳಿಗೆ ಬಿಡಿ ಎಂದು ಬಿಲ್ಡರನ್ನು ಒಪ್ಪಿಸುವುದು ಎಷ್ಟು ಕಷ್ಟ ಎಂಬುದು ನಮ್ಮ ಕಸುಬಿನವರಿಗೆ ಗೊತ್ತು.

ಚಿಕಾಗೋಗೆ ಹೋದವರು ಆಕ್ವಾವನ್ನು ದೂರದಿಂದ ನೋಡಿ ಇಷ್ಟೇನಾ ಎಂದುಕೊಂಡು ಬರಬೇಡಿ. ಎದುರಿಗೆ ದೂರ ನಿಂತರೆ ಅಲೆಗಳು ಅಷ್ಟಾಗಿ ಕಾಣುವುದಿಲ್ಲ. ಬುಡಕ್ಕೆ ಹೋಗಿ, ಓರೆಯಾಗಿ ನಿಂತು, ಕತ್ತೆತ್ತಿ ನೋಡಿ.