ಅಂಗಡಿ ಎಲ್ಲಿ ಹಾಕೋಣ?



ಈ ಮಾತು ನಮ್ಮ ಎಷ್ಟೋ ಮನೆಗಳಲ್ಲಿ ಬರುತ್ತದೆ. ಅಪ್ಪನ ಕೆಲಸ ಹೋಗಿರುತ್ತದೆ ಅಥವಾ ಮಗನಿಗೆ ನೌಕರಿ ಸಿಕ್ಕಿರುವುದಿಲ್ಲ. ತಾಯಿಯ ಕೈರುಚಿಯನ್ನು ಮಾತ್ರ ನೆರೆಹೊರೆಯವರೆಲ್ಲ ಹೊಗಳುತ್ತಾರೆ. ಒಂದು ಸಣ್ಣ ತಿಂಡಿ ಅಂಗಡಿ ಹಾಕಿದರೆ ಹೇಗೆ? ಬಂಗಾರ ಅಡವಿಟ್ಟು ಹಣ ಹೊಂದಿಸುತ್ತಾರೆ. ಏನು ಮಾರಬೇಕೆಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಎಲ್ಲಿ ಮಾರಬೇಕೆಂಬುದನ್ನು ಮಾತ್ರ ಒಂದೇ ಸಂಜೆಯಲ್ಲಿ ತೀರ್ಮಾನಿಸಿಬಿಡುತ್ತಾರೆ. ಎಡವುವುದು ಅಲ್ಲಿಯೇ.

ದೂರದ ವಿಯೆಟ್ನಾಮಿನ ಒಂದು ಉದಾಹರಣೆ ನೋಡೋಣ. ಅಲ್ಲಿಗೆ ಬ್ರೆಡ್ಡು ಬಂದದ್ದು ಫ್ರೆಂಚರ ಜೊತೆಗೆ. 1954ರಲ್ಲಿ ದೇಶ ಇಬ್ಭಾಗವಾದಾಗ ಲಕ್ಷಾಂತರ ಜನ ಉತ್ತರದಿಂದ ದಕ್ಷಿಣಕ್ಕೆ ವಲಸೆ ಬಂದರು. ಅವರಲ್ಲಿ ಬಹುಪಾಲು ನಮ್ಮಂತೆಯೇ ಕಥೋಲಿಕರು. ಹೀಗೆ ಉತ್ತರದಿಂದ ಬಂದ ಒಂದು ಕುಟುಂಬ 1958ರಲ್ಲಿ ಸೈಗಾನ್ ನಗರದಲ್ಲಿ ಹೋವಾ ಮಾ ಎಂಬ ಅಂಗಡಿ ತೆರೆಯಿತು. ಬೆಳಿಗ್ಗೆ ಕೆಲಸಕ್ಕೆ, ಶಾಲೆಗೆ ಓಡುವವರಿಗೆ ತಟ್ಟೆಯ ಮುಂದೆ ಕೂರಲು ವೇಳೆಯಿಲ್ಲ. ಆದ್ದರಿಂದ ತಟ್ಟೆಯಲ್ಲಿ ಬಡಿಸುತ್ತಿದ್ದುದನ್ನು ಬ್ರೆಡ್ಡಿನೊಳಗೇ ತುಂಬಿ ಕೈಗೆ ಕೊಟ್ಟರು. ಬಾನ್ ಮಿ ಎಂಬ ಆ ತಿಂಡಿ ಇಂದು ಜಗತ್ತಿನ ಅನೇಕ ನಗರಗಳಲ್ಲಿ ಸಿಗುತ್ತದೆ. ಎದುರಿಗೆ ಹೋಗುವವರ ಅವಸರ ಏನೆಂದು ಅವರು ನೋಡಿದ್ದರು.

ಇದೇ ಕಣ್ಣಿನಿಂದ ನಮ್ಮ ಸೊಲ್ಲಾಪುರ–ಅಕ್ಕಲಕೋಟ ರಸ್ತೆಯನ್ನು ನೋಡೋಣ. ಪಾವಿನಲ್ಲಿ ಪಲ್ಯ, ಶೇಂಗಾ ಚಟ್ನಿ ತುಂಬಿ ಮಾರುವ ಅಂಗಡಿಯನ್ನು ಎಲ್ಲಿ ಹಾಕಬೇಕು?

ಜನಜಂಗುಳಿ ಬೇಕೆಂದರೆ ಅಕ್ಕಲಕೋಟದ ಸ್ವಾಮಿ ಸಮರ್ಥರ ಮಂದಿರದ ಬೀದಿ. ಗುರುವಾರ, ಹುಣ್ಣಿಮೆಗೆ ಅಲ್ಲಿ ಜನಸಾಗರ. ಆದರೆ ಅಲ್ಲಿಯ ಅನ್ನಛತ್ರದಲ್ಲಿ ಭಕ್ತರಿಗೆ ಉಚಿತ ಊಟವಿದೆ. ಊಟದ ಹೊತ್ತಿನಲ್ಲಿ ನಮ್ಮ ಪಾವು ಯಾರಿಗೆ ಬೇಕು? ಅಲ್ಲಿ ಬೆಳಗಿನ ಚಹಾ, ದಾರಿಗೆ ಕಟ್ಟಿಕೊಡುವ ಬುತ್ತಿ ನಡೆದೀತು. ಉಳಿದ ದಿನಗಳ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಮಗ್ಗದ ಕೆಲಸಗಾರರಿದ್ದಾರೆ. ಬಿಡುವಿನ ಹೊತ್ತಿಗೆ ತಿಂಡಿ ಬೇಕೇ ಬೇಕು. ಆದರೆ ಕಾರ್ಖಾನೆಯ ಬಾಗಿಲು ಮುಚ್ಚಿದರೆ ಅಂಗಡಿಯ ಬಾಗಿಲೂ ಮುಚ್ಚೀತು. 1877ರಲ್ಲಿ ಶುರುವಾದ ಹಳೆಯ ಗಿರಣಿಯೇ ಉಳಿಯಲಿಲ್ಲ ಎಂಬುದನ್ನು ಸೊಲ್ಲಾಪುರ ಮರೆತಿಲ್ಲ.

ಮೂರನೆಯದು ಊರ ಹೊರಗಿನ ಕುಂಭಾರಿ. ಬೀಡಿ ಕಟ್ಟುವ ಮಹಿಳೆಯರಿಗಾಗಿ ಕಟ್ಟಿದ ಗೋದುತಾಯಿ ಪರುಳೇಕರ ವಸಾಹತಿನ ಸುಮಾರು 10 ಸಾವಿರ ಮನೆಗಳು 2006ರಲ್ಲಿ ಅವರ ಕೈಸೇರಿದವು. ರೇನಗರದಲ್ಲಿ 2024ರ ಜನವರಿಯಲ್ಲಿ ಇನ್ನೂ 15 ಸಾವಿರ ಮನೆಗಳನ್ನು ಕಾರ್ಮಿಕರಿಗೆ ಒಪ್ಪಿಸಲಾಯಿತು. ಕಟ್ಟಿದ ಬೀಡಿ ಕೊಟ್ಟು, ಎಲೆ ತಂದು, ಮತ್ತೆ ಒಲೆ ಮುಂದೆ ಕೂರುವ ತಾಯಂದಿರು ಅಲ್ಲಿದ್ದಾರೆ. ಕೈಯಲ್ಲಿ ಹೆಚ್ಚು ಹಣವಿಲ್ಲ, ನಿಜ. ಆದರೆ ಅವರು ಯಾತ್ರೆಗೆ ಬಂದು ಹೋಗುವವರಲ್ಲ, ದಿನವೂ ಇರುವವರು. ಕಡಿಮೆ ಬೆಲೆಗೆ ಹೊಟ್ಟೆ ತುಂಬುವ ತಿಂಡಿ ಕೊಟ್ಟರೆ ಅಂಥ ಕಡೆ ಅಂಗಡಿ ನಿಲ್ಲುತ್ತದೆಂದು ನನ್ನ ಅಭಿಪ್ರಾಯ.

ಆದರೂ ನನ್ನ ಮಾತು ನಂಬಿ ಹಣ ಹಾಕಬೇಡಿ. ಮೊದಲು ಒಂದು ವಾರ, ಬೆಳಿಗ್ಗೆ ಸಂಜೆ, ಅಲ್ಲಿಯೇ ನಿಂತು ಎಣಿಸಿ. ತಿಂಗಳ ಬಾಡಿಗೆ 6,000 ರೂಪಾಯಿ, ಅಂಗಡಿ ತೆರೆಯುವುದು 25 ದಿನ ಎಂದುಕೊಳ್ಳಿ. ದಿನಕ್ಕೆ 240 ಆಯಿತು. ಒಂದು ಪಾವಿಗೆ 6 ರೂಪಾಯಿ ಉಳಿದರೆ, ಬಾಡಿಗೆಗೇ 40 ಪಾವು ಮಾರಬೇಕು. ಮನೆಗೆ ಬರುವುದು ನಲವತ್ತೊಂದನೆಯ ಪಾವಿನಿಂದ! ಬಾಯಿಮಾತಿನ ಕರಾರು ಬೇಡ; ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕೆಂದು 1999ರ ಕಾಯ್ದೆ ಹೇಳುತ್ತದೆ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುಸ್ವಾಮಿ ಕೇಳಿದ್ದನ್ನು ಸಂತ ಲೂಕರು 14ನೇ ಅಧ್ಯಾಯದಲ್ಲಿ ಬರೆದಿದ್ದಾರೆ. ಲೆಕ್ಕ ಹಾಕುವುದು ವಿಶ್ವಾಸದ ಕೊರತೆಯಲ್ಲ. ತಾಯಿಯ ಬಂಗಾರ ಅಡವಿಡುವ ಮುನ್ನ ಮನೆಯವರೆಲ್ಲ ಒಟ್ಟಿಗೆ ಕುಳಿತು ಪ್ರಾರ್ಥಿಸಿ, ಆಮೇಲೆ ಕಾಗದ ಪೆನ್ನು ಹಿಡಿಯಿರಿ. ದೇವರು ಎರಡನ್ನೂ ಆಶೀರ್ವದಿಸುತ್ತಾರೆ.