ಗಿಲಾವ್ ಆಗೋ ಮುಂಚೆ ಒಂದು ಪೈಪು: ಹೊಸ ಮನೆಯಲ್ಲಿ ಇಂಟರ್ನೆಟ್‌ಗೆ ದಾರಿ



ಹೊಸ ಮನೆ ಕಟ್ಟಿಸುವಾಗ ಬಾಗಿಲು ಯಾವ ದಿಕ್ಕಿಗೆ, ಒಲೆ ಎಲ್ಲಿ, ನೀರಿನ ತೊಟ್ಟಿ ಎಲ್ಲಿ ಅಂತ ನಾವು ಹತ್ತು ಸಲ ವಿಚಾರ ಮಾಡುತ್ತೇವೆ. ಕರೆಂಟಿನ ಪೈಪನ್ನು ಗೋಡೆಯೊಳಗೇ ಹಾಕಿಸುತ್ತೇವೆ. ಆದರೆ ಇಂಟರ್ನೆಟ್ ತಂತಿ ಎಲ್ಲಿಂದ ಒಳಗೆ ಬರಬೇಕು, ಎಲ್ಲಿ ನಿಲ್ಲಬೇಕು ಅಂತ ಕೇಳುವವರು ಕಡಿಮೆ. ಸುಣ್ಣ-ಬಣ್ಣ ಮುಗಿದ ಮೇಲೆ ತಂತಿ ಹಾಕುವ ಹುಡುಗ ಬರುತ್ತಾನೆ. ಹೊಸ ಕಿಟಕಿಯ ಚೌಕಟ್ಟಿಗೆ ತೂತು ಹೊಡೆದು, ಟೀವಿ ಪಕ್ಕದಲ್ಲಿ ಪೆಟ್ಟಿಗೆ ಇಟ್ಟು ಹೋಗುತ್ತಾನೆ. ಹಿಂದಿನ ಕೋಣೆಯಲ್ಲಿ ಓದುವ ಮಗಳಿಗೆ ಸಿಗ್ನಲ್ ಇಲ್ಲ!

ಇದನ್ನು ಶೋಕಿ ಅಂತ ತಳ್ಳಿಹಾಕಬೇಡಿ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಫೋನು, ಇಂಟರ್ನೆಟ್ ಇಲ್ಲದ ಮಕ್ಕಳು ಪಾಠದಿಂದ ಹೊರಗುಳಿದರು. ಅಂಥ ಮಕ್ಕಳನ್ನು ತಲುಪಲೆಂದೇ ಸರ್ಕಾರ ಆ ವರ್ಷ 'ವಿದ್ಯಾಗಮ' ಶುರು ಮಾಡಬೇಕಾಯಿತು. ಈಗ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆ ಫಲಿತಾಂಶ, ಪಹಣಿ, ಬ್ಯಾಂಕಿನ ಲೆಕ್ಕ ಎಲ್ಲವೂ ಅದೇ ದಾರಿಯಲ್ಲಿ ಬರುತ್ತವೆ. ಹಾಗಾದರೆ ಆ ದಾರಿ ಮನೆಯಲ್ಲಿ ಯಾರ ಹತ್ತಿರ ಮುಗಿಯಬೇಕು? ಇದನ್ನು ಮನೆಯ ಹೆಣ್ಣುಮಕ್ಕಳೇ ತೀರ್ಮಾನ ಮಾಡಬೇಕು.

ಕಾಲುವೆಯ ಲೆಕ್ಕದಲ್ಲೇ ತಿಳಿಯೋಣ

ದಢೇಸುಗೂರು, ಸಿಂಧನೂರು ಕಡೆಯ ನಮಗೆ ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತೇ ಇದೆ. ಮುಖ್ಯ ಕಾಲುವೆ, ಅದರಿಂದ ಉಪಕಾಲುವೆ, ತೂಬು, ಕೊನೆಗೆ ಹೊಲ. ಇಂಟರ್ನೆಟ್ ಬರುವುದೂ ಹೀಗೆಯೇ. ದೊಡ್ಡ ಊರುಗಳಿಂದ ಗಾಜಿನ ಎಳೆಯ ಕೇಬಲ್ ಬರುತ್ತದೆ. ಇದಕ್ಕೆ ಫೈಬರ್ ಅನ್ನುತ್ತಾರೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು; ಮುಂದೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ಪಂಚಾಯಿತಿವರೆಗೆ ಬಂದ ಕೇಬಲ್ ಮುಖ್ಯ ಕಾಲುವೆ ಇದ್ದಂತೆ. ಅಲ್ಲಿಂದ ಓಣಿಗೆ, ಮನೆಗೆ ತರುವುದು ಬೇರೆ ಕೆಲಸ. ಮನೆಯೊಳಗೆ ಕೂಡುವ ಪೆಟ್ಟಿಗೆಯೇ ತೂಬು. ಅದನ್ನು ರೂಟರ್ ಅನ್ನುತ್ತೇವೆ. ಅದು ತಂತಿ ಇಲ್ಲದೆ ಕೋಣೆಗಳಿಗೆ ಹಂಚುವುದಕ್ಕೆ ವೈಫೈ ಅಂತ ಹೆಸರು.

ಕಾಲುವೆಯ ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟದ ಸಂಕಟ ನಿಮಗೆ ಹೊಸದಲ್ಲ. ಮನೆಯಲ್ಲೂ ಕೊನೆ ಭಾಗ ಇದೆ. ಅದು ಬಹಳ ಸಲ ಅಡಿಗೆ ಮನೆ ಮತ್ತು ಹೆಣ್ಣುಮಕ್ಕಳು ಓದುವ ಕೋಣೆ.

ಪೆಟ್ಟಿಗೆ ಎಲ್ಲಿ ಕೂಡಬೇಕು?

ವೈಫೈ ಅಂದರೆ ರೇಡಿಯೋ ಅಲೆ. ದಪ್ಪ ಕಲ್ಲಿನ ಗೋಡೆ, ಕಬ್ಬಿಣ ಹಾಕಿದ ಆರ್.ಸಿ.ಸಿ. ಸ್ಲ್ಯಾಬ್, ತಗಡು, ಕಬ್ಬಿಣದ ಕಪಾಟು, ನೀರು ತುಂಬಿದ ಟ್ಯಾಂಕು ಇವೆಲ್ಲ ಅದನ್ನು ತಡೆಯುತ್ತವೆ. ಆದ್ದರಿಂದ ರೂಟರ್ ಅನ್ನು ಮನೆಯ ನಡುವೆ, ನೆಲದಿಂದ 5-6 ಅಡಿ ಎತ್ತರದಲ್ಲಿ, ಬಯಲಾಗಿ ಇಡಿಸಿ. ಟೀವಿ ಹಿಂದೆ, ಕಪಾಟಿನ ಒಳಗೆ ಬೇಡ. ನಮ್ಮದು ಹೊಳೆ ದಂಡೆಯ ಸೀಮೆ. 2009ರ ಅಕ್ಟೋಬರ್‌ನಲ್ಲಿ ರಾಯಚೂರು ಜಿಲ್ಲೆ ಕಂಡ ನೆರೆ ನೆನಪಿರಲಿ. ನೆಲದ ಹತ್ತಿರ ಯಾವ ಪಾಯಿಂಟೂ ಬೇಡ.

ರೂಟರ್‌ನಲ್ಲಿ 2.4 ಮತ್ತು 5 ಅಂತ ಎರಡು ಬಗೆಯ ಸಿಗ್ನಲ್ ಇರಬಹುದು. 5 ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಹಿಂದಿನ ಕೋಣೆಯ ಫೋನಿಗೆ 2.4 ಹಾಕಿಕೊಳ್ಳಿ.

ಗೌಂಡಿಗೆ, ವೈರ್‌ಮನ್‌ಗೆ ಹೇಳಬೇಕಾದ ಮಾತು

ಗಿಲಾವ್ ಆಗುವ ಮುಂಚೆ ಈ ಕೆಲಸ ಮಾಡಿಸಿ:

1. ಹೊರಗಿನ ಗೋಡೆಯಿಂದ ರೂಟರ್ ಕೂಡುವ ಜಾಗದವರೆಗೆ 25 ಮಿಲಿಮೀಟರಿನ ಒಂದು ಪಿವಿಸಿ ಪೈಪು. ಪೈಪಿನ ತುಂಡು 10 ಅಡಿ ಉದ್ದ ಬರುತ್ತದೆ. ದಾರಿ ಸುಮಾರು 25 ಅಡಿ ಇದ್ದರೆ 3 ತುಂಡು ಸಾಕು.

2. ಪೈಪಿನ ಹೊರಬಾಯಿ ಕೆಳಮುಖವಾಗಿರಲಿ, ಮಳೆ ನೀರು ಒಳಗೆ ಬರಬಾರದು. ಇಲಿ, ಹುಳ ಹೋಗದಂತೆ ಮುಚ್ಚಳ ಹಾಕಿಸಿ.

3. ತಿರುವು ದೊಡ್ಡದಾಗಿರಲಿ. ಫೈಬರ್ ಗಾಜಿನ ಎಳೆ. ಮುರಿದು ಮಡಚಿದಂತೆ ತಿರುಗಿಸಿದರೆ ಒಡೆದೀತು.

4. ಪೈಪಿನೊಳಗೆ ಒಂದು ಗಟ್ಟಿ ನೈಲಾನ್ ದಾರ ಬಿಡಿಸಿ. ನಾಳೆ ಕೇಬಲ್ ಬಂದಾಗ ದಾರಕ್ಕೆ ಕಟ್ಟಿ ಎಳೆದರೆ ಆಯಿತು.

5. ಕರೆಂಟಿನ ತಂತಿ ಇರುವ ಪೈಪಿನಲ್ಲಿ ಇದನ್ನು ಸೇರಿಸಲೇಬಾರದು. ಎರಡೂ ಜೊತೆಯಾಗಿ ಓಡುವ ಕಡೆ ನಡುವೆ ಒಂದು ಗೇಣು ಅಂತರ ಇರಲಿ.

6. ರೂಟರ್ ಜಾಗದಲ್ಲಿ ಅರ್ತಿಂಗ್ ಇರುವ ಒಂದು ಪ್ಲಗ್ ಪಾಯಿಂಟ್.

ಇಷ್ಟಾದ ಮೇಲೆ, ಗೋಡೆಗೆ ಅಳತೆ ಟೇಪು ಹಿಡಿದು ಎಲ್ಲಾ ಪೈಪುಗಳ ಫೋಟೋ ತೆಗೆದು ಇಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ. ಗಿಲಾವ್ ಆದ ಮೇಲೆ ಇದೇ ಕೆಲಸಕ್ಕೆ ಗೋಡೆ ಕೊರೆಯಬೇಕು, ಮತ್ತೆ ಗೌಂಡಿ ಕೂಲಿ, ಮತ್ತೆ ಬಣ್ಣ.

ಬೇಡದ್ದಕ್ಕೆ ಸಾಲ ಬೇಡ

ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಅಷ್ಟು ಮನೆಗೆ ಒಂದು ಪೈಪು, ಒಂದು ರೂಟರ್ ಸಾಕು. ಕೋಣೆಗೊಂದು ಪಾಯಿಂಟ್ ಹಾಕಿಸಿ ಅಂತ ಅಂಗಡಿಯವರು ಹೇಳಿದರೂ ಕೇಳಬೇಡಿ. ಮನೆ ದೊಡ್ಡದಿದ್ದರೆ, ಮಹಡಿ ಇದ್ದರೆ ಅಥವಾ ನಡುವೆ ಕಲ್ಲಿನ ಗೋಡೆ ಇದ್ದರೆ ಮಾತ್ರ ರೂಟರ್‌ನಿಂದ ಹಿಂದಿನ ಕೋಣೆಗೆ ಇನ್ನೊಂದು ಪೈಪು ಹಾಕಿಸಿ. ಅದರಲ್ಲಿ ಕ್ಯಾಟ್ 6 ಅನ್ನುವ ಕೇಬಲ್ ಎಳೆಯಬಹುದು. ಇದು 100 ಮೀಟರ್‌ವರೆಗೆ ಸರಿಯಾಗಿ ಕೆಲಸ ಮಾಡುತ್ತದೆ. ಕೊಳ್ಳುವಾಗ ಒಳಗಿನ ಸಣ್ಣ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಶುದ್ಧ ತಾಮ್ರದ್ದೇ ಕೇಳಿ.

ನಿಮ್ಮ ಓಣಿಗೆ ಫೈಬರ್ ಇನ್ನೂ ಬಂದಿಲ್ಲವೇ? ಪಂಚಾಯಿತಿಯಲ್ಲಿ, ಕೇಬಲ್ ಹಾಕುವವರಲ್ಲಿ ವಿಚಾರಿಸಿ. ಬರುವ ತನಕ ರೂಟರ್ ಕೊಳ್ಳಬೇಡಿ, ಫೋನಿನ ಡೇಟಾದಲ್ಲೇ ನಡೆಸಿ. ಆದರೆ ಖಾಲಿ ಪೈಪು, ದಾರ ಮಾತ್ರ ಈಗಲೇ ಹಾಕಿಸಿ. ಸಂಪರ್ಕ ಪಡೆಯುವ ಮುಂಚೆ ತಿಂಗಳ ಬಾಡಿಗೆ ಎಷ್ಟು, ತೆರಿಗೆ ಸೇರಿದೆಯೇ, ರೂಟರ್‌ಗೆ ಠೇವಣಿ ಇದೆಯೇ, ಬಿಟ್ಟರೆ ಅದು ವಾಪಸ್ ಬರುತ್ತದೆಯೇ ಅಂತ ಬರೆಸಿಕೊಳ್ಳಿ. ಅಕ್ಕಪಕ್ಕದ ನಾಲ್ಕು ಮನೆಯವರು ಒಟ್ಟಿಗೆ ಕೇಳಿದರೆ ಮಾತಿಗೆ ತೂಕ ಬರುತ್ತದೆ.

ಕರೆಂಟಿನ ಖರ್ಚಿಗೆ ಹೆದರಬೇಕಾಗಿಲ್ಲ. 10 ವ್ಯಾಟಿನ ರೂಟರ್ ಹಗಲು-ರಾತ್ರಿ ಉರಿದರೆ ತಿಂಗಳಿಗೆ ಸುಮಾರು 7 ಯೂನಿಟ್. ಕರೆಂಟ್ ಹೋದಾಗಲೂ ನಡೆಯಬೇಕಾದರೆ ರೂಟರ್‌ಗೆಂದೇ ಸಣ್ಣ ಬ್ಯಾಟರಿ ಪೆಟ್ಟಿಗೆ ಸಿಗುತ್ತದೆ.

ಜಾಗ್ರತೆ

ಗುಡುಗು-ಸಿಡಿಲು ಶುರುವಾಗುವ ಮುಂಚೆಯೇ ರೂಟರ್‌ನ ಪ್ಲಗ್ ಕಿತ್ತುಬಿಡಿ. ಮನೆಯಿಂದ ಮನೆಗೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆಯುವುದು ಅಪಾಯ. ಕಡಿದ ಫೈಬರ್‌ನ ತುದಿಯನ್ನು ಮಕ್ಕಳು ಕಣ್ಣಿನ ಹತ್ತಿರ ಹಿಡಿಯಬಾರದು. ಒಳಗೆ ಹಾಯುವ ಬೆಳಕು ಕಣ್ಣಿಗೆ ಕಾಣಿಸದಿದ್ದರೂ ಹಾನಿ ಮಾಡಬಲ್ಲದು, ಗಾಜಿನ ಚೂರು ಚರ್ಮಕ್ಕೆ ಚುಚ್ಚುತ್ತದೆ.

ರೂಟರ್ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ನಿಮಗೆ ನೆನಪಿರುವಂಥದ್ದು ಇಡಿ. ಬ್ಯಾಂಕಿನ ಓಟಿಪಿ ಯಾರಿಗೂ ಹೇಳಬೇಡಿ. ಮೋಸದಿಂದ ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಮನೆ ನಿಮ್ಮದು, ಮಾತೂ ನಿಮ್ಮದಾಗಲಿ

ವಸತಿ ಯೋಜನೆಯಲ್ಲಿ ಎಷ್ಟೋ ಮನೆಗಳು ಹೆಣ್ಣುಮಕ್ಕಳ ಹೆಸರಿಗೇ ಮಂಜೂರಾಗುತ್ತವೆ. ಆದರೂ ಗೌಂಡಿ ಬಂದಾಗ ನಾವು ಚಹಾ ಕೊಟ್ಟು ಒಳಗೆ ಹೋಗುತ್ತೇವೆ. ಈ ಸಲ ಹಾಗೆ ಮಾಡಬೇಡ್ರಿ. ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಮನೆಯ ನಕ್ಷೆ ಬರೆಯಿರಿ. ಮಗಳು ಎಲ್ಲಿ ಓದುತ್ತಾಳೆ, ಸಂಘದ ಲೆಕ್ಕ ಎಲ್ಲಿ ಬರೆಯುತ್ತೀರಿ, ಅಲ್ಲಿ ಗುರುತು ಹಾಕಿ. ಆ ಹಾಳೆ ಹಿಡಿದು "ಪೈಪು ಇಲ್ಲಿಂದ ಇಲ್ಲಿಗೆ ಬರಬೇಕ್ರಿ" ಅಂತ ನೀವೇ ಹೇಳಿ.

ಮುಂದಿನ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸಂಘದಲ್ಲಿ ಈ ವರ್ಷ ಯಾರ್ಯಾರು ಮನೆ ಕಟ್ಟಿಸುತ್ತಿದ್ದಾರೆ? ಯಾರ ಮನೆ ಗಿಲಾವ್ ಹಂತಕ್ಕೆ ಬಂದಿದೆ?

2. ನಮ್ಮ ಓಣಿಗೆ ಫೈಬರ್ ಬಂದಿದೆಯೇ? ಪಂಚಾಯಿತಿಯಲ್ಲಿ ವಿಚಾರಿಸಲು ಯಾವ ಇಬ್ಬರು ಹೋಗುತ್ತೀರಿ?

3. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗದ ಜಾಗ ಯಾವುದು? ಅಲ್ಲಿ ಕೂಡುವವರು ಯಾರು?