ಹೊರಗೆ ಕರಕಲು, ಒಳಗೆ ಹಸಿ: ಹಣ್ಣಿನ ಗ್ಲೇಜ್ ಚಿಕನ್ ಮನೆಯಲ್ಲಿ ಕೈಕೊಡುವುದೇಕೆ?

ಕಿತ್ತಳೆ ರಸ, ಜೇನುತುಪ್ಪ, ಸೋಯಾ ಸಾಸ್ ಕಲಸಿ ಲೆಗ್ ಪೀಸ್‌ಗಳಿಗೆ ಹಚ್ಚಿ, 2 ಗಂಟೆ ಫ್ರಿಜ್‌ನಲ್ಲಿಟ್ಟು, ಓಟಿಜಿಯನ್ನು 220 ಡಿಗ್ರಿಗೆ ಕಾಯಿಸಿ ಒಳಗಿಡುತ್ತೀರಿ. 20 ನಿಮಿಷಕ್ಕೆ ಮನೆ ತುಂಬ ಘಮ. 25ಕ್ಕೆ ಹೊಗೆ. ಹೊರತೆಗೆದರೆ ಮೇಲೆಲ್ಲ ಕಪ್ಪು; ಮೂಳೆಯ ಪಕ್ಕ ಚಾಕು ಹಾಕಿದರೆ ಮಾಂಸ ಇನ್ನೂ ಹಸಿ. ಮತ್ತೆ ಒಳಗಿಟ್ಟರೆ ಹೊರಭಾಗ ಇದ್ದಿಲಾಗುತ್ತದೆ, ಇಡದಿದ್ದರೆ ಮಕ್ಕಳಿಗೆ ಬಡಿಸಲು ಧೈರ್ಯ ಬರುವುದಿಲ್ಲ.

ರೀಲ್ಸ್‌ನಲ್ಲಿ ಮಿರಮಿರ ಮಿಂಚುವ ಚಿಕನ್ ನೋಡಿ ಮನೆಯಲ್ಲಿ ಪ್ರಯತ್ನಿಸಿದ ಅನೇಕರ ಅನುಭವ ಇದು. ಚಿಕನ್ ಚೆನ್ನಾಗಿಯೇ ಇತ್ತು, ಓವನ್ ಕೂಡ ಸರಿಯಾಗಿಯೇ ಕೆಲಸ ಮಾಡಿತು. ತಪ್ಪಿದ್ದು ಗ್ಲೇಜ್ ಹಚ್ಚಿದ ಹೊತ್ತು. ಹಣ್ಣಿನ ಗ್ಲೇಜ್ ಎಂದರೆ ಮ್ಯಾರಿನೇಡ್ ಅಲ್ಲ. ಅದು ಅಡುಗೆ ಮುಗಿಯುವ ಹೊತ್ತಿಗೆ ಹಚ್ಚಬೇಕಾದ ಪಾಕ.

ಏನಿದು ಗ್ಲೇಜ್?

ಹಣ್ಣಿನ ರಸಕ್ಕೆ ಸಿಹಿ, ಹುಳಿ, ಉಪ್ಪು, ಖಾರ ಸೇರಿಸಿ, ಅಂಟು ಬರುವ ತನಕ ಬತ್ತಿಸಿ, ಬೆಂದ ಮಾಂಸದ ಮೇಲೆ ತೆಳುವಾಗಿ ಬಳಿಯುವುದೇ ಗ್ಲೇಜ್. ಜಪಾನಿನ ತೆರಿಯಾಕಿ ಎಂಬ ಹೆಸರಿನಲ್ಲಿರುವ 'ತೆರಿ' ಎಂದರೆ ಹೊಳಪು. ಅಮೆರಿಕದಲ್ಲಿ ಮನೆಮಾತಾಗಿರುವ ಆರೆಂಜ್ ಚಿಕನ್, ಪಾಂಡಾ ಎಕ್ಸ್‌ಪ್ರೆಸ್ ಹೋಟೆಲ್ ಸರಣಿಯ ಬಾಣಸಿಗ ಆಂಡಿ ಕಾವ್ 1987ರಲ್ಲಿ ರೂಪಿಸಿದ ಖಾದ್ಯ. ಅಲ್ಲಿ ಕರಿದ ಕೋಳಿ ತುಂಡುಗಳನ್ನು ಕಿತ್ತಳೆ ಪರಿಮಳದ ಸಾಸ್‌ನಲ್ಲಿ ಕೊನೆಗೆ ಹೊರಳಿಸುತ್ತಾರೆ. 'ಕೊನೆಗೆ' ಎಂಬುದನ್ನು ಗಮನಿಸಿ.

ಹಣ್ಣು ಮತ್ತು ಕೋಳಿಯ ಜೋಡಿ ನಮ್ಮವರಿಗೂ ಅಪರಿಚಿತವೇನಲ್ಲ. ಮುಂಬೈಯಲ್ಲಿರುವವರು ಪಾರ್ಸಿಗಳ ಜರ್ದಾಲು ಚಿಕನ್ ತಿಂದಿರಬಹುದು. ಒಣ ಏಪ್ರಿಕಾಟ್ ಹಾಕಿದ ಆ ಸಿಹಿ-ಹುಳಿ ಗ್ರೇವಿಯ ಮೇಲೆ ಗರಿಗರಿ ಆಲೂ ಸಲಿ ಉದುರಿಸುತ್ತಾರೆ. ಇನ್ನು ಕರಾವಳಿಯ ಅನಾನಸ್ ಮೆಣಸ್ಕಾಯಿ, ಮೈಸೂರು ಕಡೆಯ ಅನಾನಸ್ ಗೊಜ್ಜು ಸಸ್ಯಾಹಾರವಾದರೂ ಅವುಗಳ ಲೆಕ್ಕಾಚಾರ ಒಂದೇ: ಹಣ್ಣಿನ ಹುಳಿ, ಬೆಲ್ಲದ ಸಿಹಿ, ಮೆಣಸಿನಕಾಯಿಯ ಖಾರ. ಗೊಜ್ಜು ಮಾಡಿ ಗೊತ್ತಿರುವ ಕೈಗೆ ಗ್ಲೇಜ್‌ನ ರುಚಿ ಹದ ಮಾಡುವುದು ಕಷ್ಟವಲ್ಲ. ಎಡವುವುದು ಶಾಖದ ವಿಷಯದಲ್ಲಿ.

ಸಕ್ಕರೆ ಎಷ್ಟು ಬೇಗ ಸೀಯುತ್ತದೆ?

ಮಾಮೂಲಿ ಸಕ್ಕರೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಣ್ಣು ಮತ್ತು ಜೇನುತುಪ್ಪದಲ್ಲಿ ಹೆಚ್ಚಾಗಿರುವ ಫ್ರಕ್ಟೋಸ್ ಸಕ್ಕರೆಗೆ ಅಷ್ಟು ಶಾಖವೂ ಬೇಡ, ಸುಮಾರು 110 ಡಿಗ್ರಿಯಲ್ಲೇ ಅದು ಕಂದಾಗತೊಡಗುತ್ತದೆ. ಓಟಿಜಿ ಒಳಗಿನ ಗಾಳಿ 200 ಡಿಗ್ರಿ, ಮೇಲಿನ ಕೆಂಪಗೆ ಕಾದ ಕಾಯಿಲ್‌ನ ಹತ್ತಿರ ಇನ್ನೂ ಜಾಸ್ತಿ.

ಹಾಗಾದರೆ ಮೊದಲ 10-15 ನಿಮಿಷ ಏಕೆ ಏನೂ ಆಗುವುದಿಲ್ಲ? ಗ್ಲೇಜ್‌ನಲ್ಲಿರುವ ನೀರು ಕಾಯುತ್ತಿರುತ್ತದೆ. ನೀರು ಇರುವ ತನಕ ಮೇಲ್ಮೈಯ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ನೀರು ಆರಿದ ಕ್ಷಣದಿಂದ ಶಾಖ ಸರ್ರನೆ ಏರುತ್ತದೆ. ಹೊನ್ನಿನ ಬಣ್ಣದಿಂದ ಕರಕಲಿಗೆ ಹೋಗಲು ಕೆಲವೇ ನಿಮಿಷ ಸಾಕು. ಹೋಳಿಗೆಗೋ ಚಿಕ್ಕಿಗೋ ಪಾಕ ಹಿಡಿದವರಿಗೆ ಈ ಆಟ ಗೊತ್ತು: ಬಹಳ ಹೊತ್ತು ಸುಮ್ಮನಿರುವ ಪಾಕ ಆಮೇಲೆ ಕಣ್ಣು ಮಿಟುಕಿಸುವುದರಲ್ಲಿ ಕೈಮೀರುತ್ತದೆ.

ಅತ್ತ ಕೋಳಿಯ ಕಥೆ ಬೇರೆ. ಮೂಳೆ ಸಹಿತ ತೊಡೆ ಮತ್ತು ಕಾಲಿನ ತುಂಡು ಒಳಗಿನವರೆಗೆ ಬೇಯಲು 40 ನಿಮಿಷವಾದರೂ ಬೇಕು. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಇರಬಹುದು. ಅವು ಸಾಯಬೇಕಾದರೆ ಮಾಂಸದ ಅತಿ ದಪ್ಪನೆಯ ಭಾಗ 74 ಡಿಗ್ರಿ ಮುಟ್ಟಬೇಕು. ಸಕ್ಕರೆಗೆ 15 ನಿಮಿಷದ ತಾಳ್ಮೆ, ಕೋಳಿಗೆ 40 ನಿಮಿಷದ ಅಗತ್ಯ. ಎರಡನ್ನೂ ಒಟ್ಟಿಗೆ ಒಳಗೆ ತಳ್ಳಿದರೆ ಒಂದು ಕೆಡಲೇಬೇಕು.

ಇಲ್ಲಿ ಇನ್ನೊಂದು ಮೋಸವಿದೆ. ಬಣ್ಣ ನೋಡಿ ಬೆಂದಿದೆ ಎಂದುಕೊಳ್ಳುವುದು ನಮ್ಮ ಅಭ್ಯಾಸ. ಗ್ಲೇಜ್ ಹಚ್ಚಿದ ಚಿಕನ್ ಒಳಗೆ ಹಸಿಯಿದ್ದರೂ ಹೊರಗೆ ಕೆಂಪಗೆ ಚೆಂದ ಕಾಣುತ್ತದೆ. ಎಳೆ ಕೋಳಿಯಲ್ಲಿ ಪೂರ್ತಿ ಬೆಂದ ಮೇಲೂ ಮೂಳೆಯ ಪಕ್ಕ ನಸುಗೆಂಪು ಉಳಿಯುವುದುಂಟು. ಎರಡೂ ಕಡೆ ಬಣ್ಣ ಸುಳ್ಳು ಹೇಳುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಅಡುಗೆ ಥರ್ಮಾಮೀಟರ್ ಒಂದಿದ್ದರೆ ಈ ತಲೆನೋವಿಲ್ಲ. ಮೂಳೆಗೆ ತಾಗದಂತೆ ತೊಡೆಯ ದಪ್ಪ ಭಾಗಕ್ಕೆ ಚುಚ್ಚಿ ನೋಡಿ. ಎದೆ ಭಾಗವಾದರೆ 74 ಬಂದ ಕೂಡಲೇ ತೆಗೆಯಿರಿ, ಇಲ್ಲವಾದರೆ ಒಣಗಿ ನಾರಾಗುತ್ತದೆ. ತೊಡೆ 80-85ರವರೆಗೆ ಹೋದರೆ ಇನ್ನೂ ಮೃದುವಾಗುತ್ತದೆ. ಹಣ್ಣಿನ ಗ್ಲೇಜ್‌ಗೆ ಲೆಗ್ ಪೀಸೇ ವಾಸಿ ಎನ್ನುವುದು ಇದೇ ಕಾರಣಕ್ಕೆ.

ಕಿತ್ತಳೆ ಗ್ಲೇಜ್: ಒಂದು ಕೆಜಿಗೆ ಲೆಕ್ಕ

ಒಂದು ಕೆಜಿ ಲೆಗ್ ಪೀಸ್‌ಗೆ ಒಂದೂವರೆ ಟೀ ಚಮಚ ಉಪ್ಪು, ಕಾಳುಮೆಣಸಿನ ಪುಡಿ, ಒಂದು ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಸ್ವಲ್ಪ ಎಣ್ಣೆ ಸವರಿ ಗಂಟೆ ಹೊತ್ತು ಫ್ರಿಜ್‌ನಲ್ಲಿಡಿ. ಸಿಹಿ ಬೇಡ, ಹಣ್ಣಿನ ರಸವೂ ಈಗ ಬೇಡ. ಹುಳಿಯಲ್ಲಿ ರಾತ್ರಿಯಿಡೀ ನೆನೆಸಿದರೆ ಮಾಂಸದ ಮೇಲ್ಪದರ ಬಿಳಿಚಿಕೊಂಡು ಹಿಟ್ಟುಹಿಟ್ಟಾಗುತ್ತದೆ.

ಅಷ್ಟರಲ್ಲಿ 5-6 ಕಿತ್ತಳೆ ಹಿಂಡಿ 2 ಕಪ್ ರಸ ತೆಗೆಯಿರಿ. ಬೀಜ ಮತ್ತು ಬಿಳಿ ನಾರು ಉಳಿಯದಂತೆ ಸೋಸುವುದು ಮುಖ್ಯ, ಅವು ಕುದಿದರೆ ರಸ ಕಹಿಯಾಗುತ್ತದೆ. ಅಗಲವಾದ ಸ್ಟೀಲ್ ಬಾಣಲೆಯಲ್ಲಿ ರಸವನ್ನು ಮಧ್ಯಮ ಉರಿಯಲ್ಲಿ ಅರ್ಧ ಕಪ್‌ಗೆ ಬತ್ತಿಸಿ. ಆಮೇಲೆ 2 ದೊಡ್ಡ ಚಮಚ ಪುಡಿ ಬೆಲ್ಲ, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ವಿನೆಗರ್ ಅಥವಾ ನಿಂಬೆರಸ, ತರಿತರಿಯಾಗಿ ಕುಟ್ಟಿದ 3-4 ಬ್ಯಾಡಗಿ ಮೆಣಸಿನಕಾಯಿ ಹಾಕಿ ಇನ್ನು ಮೂರ್ನಾಲ್ಕು ನಿಮಿಷ ಕುದಿಸಿ. ಚಮಚದ ಬೆನ್ನಿಗೆ ಅಂಟಿ ನಿಲ್ಲಬೇಕು, ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು. ಒಂದೆಳೆ ಪಾಕಕ್ಕಿಂತ ಸ್ವಲ್ಪ ತೆಳುವಿರುವಾಗಲೇ ಇಳಿಸಿ, ತಣ್ಣಗಾದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಕಿತ್ತಳೆ ಸಿಪ್ಪೆಯ ಹೊರಪದರವನ್ನು ತುರಿದು ಹಾಕುವುದಾದರೆ ಇಳಿಸಿದ ಮೇಲೆ ಹಾಕಿ. ಕುದಿಸಿದರೆ ಪರಿಮಳವೆಲ್ಲ ಅಡುಗೆಮನೆಯ ಕಿಟಕಿಯಿಂದ ಹೊರಗೆ ಹೋಗುತ್ತದೆ.

ಚಿಕನ್ ಅನ್ನು 200 ಡಿಗ್ರಿಯಲ್ಲಿ, ಗ್ಲೇಜ್ ಇಲ್ಲದೆ, 30 ನಿಮಿಷ ಬೇಯಿಸಿ. ಹೊರತೆಗೆದು ಬಿಟ್ಟ ನೀರನ್ನು ಚೆಲ್ಲಿ, ತುಂಡಿನ ಮೇಲ್ಭಾಗ ಒಣಗಿದ್ದಾಗ ಮೊದಲ ಪದರ ಹಚ್ಚಿ. 5 ನಿಮಿಷದ ನಂತರ ಎರಡನೆಯದು, ಮತ್ತೆ 5 ನಿಮಿಷಕ್ಕೆ ಮೂರನೆಯದು. ಒಂದೇ ಸಲ ದಪ್ಪಗೆ ಸುರಿದರೆ ಜಾರಿ ಟ್ರೇ ಸೇರಿ ಅಲ್ಲಿ ಸೀಯುತ್ತದೆ. ಟ್ರೇಯಲ್ಲಿ ಸ್ವಲ್ಪ ನೀರು ಹಾಕಿ ಮೇಲೆ ಜಾಲರಿಯಿಟ್ಟು ಬೇಯಿಸಿದರೆ ಹೊಗೆಯೂ ಇರುವುದಿಲ್ಲ, ಟ್ರೇ ತಿಕ್ಕುವ ಶಿಕ್ಷೆಯೂ ತಪ್ಪುತ್ತದೆ. ಒಟ್ಟು 40-45 ನಿಮಿಷ. ತೆಗೆದ ಮೇಲೆ 5 ನಿಮಿಷ ಸುಮ್ಮನೆ ಬಿಡಿ.

ಜೇನುತುಪ್ಪದ ಬದಲು ಬೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಜೇನಿನಲ್ಲಿ ಫ್ರಕ್ಟೋಸ್ ಹೆಚ್ಚು, ಬೇಗ ಸೀಯುತ್ತದೆ. ಬೆಲ್ಲ ಅದಕ್ಕಿಂತ ಸ್ವಲ್ಪ ತಡೆದುಕೊಳ್ಳುತ್ತದೆ. ಜೇನು ಬೇಕೇ ಬೇಕೆಂದರೆ ಕೊನೆಯ ಪದರದಲ್ಲಿ ಮಾತ್ರ ಇರಲಿ, ಮತ್ತು ಒಂದು ವರ್ಷದೊಳಗಿನ ಮಗುವಿಗೆ ಅದನ್ನು ತಿನ್ನಿಸಬೇಡಿ.

ಓವನ್ ಇಲ್ಲದಿದ್ದರೆ?

ಬಾಡಿಗೆ ಫ್ಲಾಟ್‌ನ ಅಡುಗೆಮನೆಯಲ್ಲಿ ಎರಡು ಒಲೆಯ ಗ್ಯಾಸ್ ಬಿಟ್ಟು ಬೇರೇನೂ ಇಲ್ಲದವರಿಗೂ ಇದು ಸಾಧ್ಯ. ನಿಜ ಹೇಳಬೇಕೆಂದರೆ ಗ್ಯಾಸ್ ಒಲೆಯೇ ಸುಲಭ, ಏಕೆಂದರೆ ಗ್ಲೇಜ್ ಕಣ್ಣೆದುರೇ ಇರುತ್ತದೆ. ನಾನ್‌ಸ್ಟಿಕ್ ಅಥವಾ ಸ್ಟೀಲ್ ಬಾಣಲೆಯಲ್ಲಿ ಎಣ್ಣೆ ಹಾಕಿ ತುಂಡುಗಳನ್ನು ಎರಡೂ ಬದಿ ಕೆಂಪಗೆ ಹುರಿದು, ಅರ್ಧ ಲೋಟ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 25-30 ನಿಮಿಷ ಬೇಯಿಸಿ. ಬೆಂದದ್ದು ಖಾತ್ರಿಯಾದ ಮೇಲೆ ಮುಚ್ಚಳ ತೆಗೆದು ನೀರು ಆರಿಸಿ, ಗ್ಲೇಜ್ ಸುರಿದು ಎರಡು-ಮೂರು ನಿಮಿಷ ಹೊರಳಿಸಿ. ಅಷ್ಟೇ.

ಕಬ್ಬಿಣದ ಕಾವಲಿ ಮಾತ್ರ ಬೇಡ. ಹಣ್ಣಿನ ಹುಳಿ ಕಬ್ಬಿಣದ ಜೊತೆ ಸೇರಿ ಸಾಸ್ ಕಪ್ಪಾಗುತ್ತದೆ, ತುಕ್ಕಿನಂಥ ರುಚಿ ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಇಡಬೇಡಿ ಎಂದು ಮನೆಯ ಹಿರಿಯರು ಹೇಳುವ ಮಾತು ಇಲ್ಲಿಗೂ ಸಲ್ಲುತ್ತದೆ.

ಯಾವ ಹಣ್ಣು, ಏನು ಎಚ್ಚರ?

ಹೆಚ್ಚು ಎಚ್ಚರ ಬೇಕಾದದ್ದು ಅನಾನಸ್‌ಗೆ. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ, ಅದು ಪ್ರೋಟೀನನ್ನು ಕತ್ತರಿಸುತ್ತದೆ. ಜಾಸ್ತಿ ಅನಾನಸ್ ತಿಂದರೆ ನಾಲಿಗೆ ಚುರುಚುರು ಎನ್ನುವುದರಲ್ಲಿ ಅದರ ಕೈವಾಡವೂ ಇದೆ. ಹಸಿ ರಸದಲ್ಲಿ ಚಿಕನ್ ಹೆಚ್ಚು ಹೊತ್ತು ನೆನೆಸಿದರೆ ಮಾಂಸ ಮೃದುವಾಗುವ ಹಂತ ದಾಟಿ ಮುದ್ದೆಯಾಗುತ್ತದೆ. ಕಬಾಬ್‌ಗೆ ಪಪ್ಪಾಯಿ ಕಾಯಿ ಹಚ್ಚುವಾಗ ಸ್ವಲ್ಪವೇ ಹಾಕುವುದೂ ಇದಕ್ಕೇ. ಆದರೆ ಶಾಖಕ್ಕೆ ಈ ಕಿಣ್ವ ನಿಲ್ಲದು. ರಸವನ್ನು ಚೆನ್ನಾಗಿ ಕುದಿಸಿ ಬತ್ತಿಸಿದರೆ ಅದರ ಆಟ ಮುಗಿಯಿತು. ಡಬ್ಬಿಯ ಅನಾನಸ್ ಮೊದಲೇ ಕಾಯಿಸಿದ್ದಾದ್ದರಿಂದ ಆ ಸಮಸ್ಯೆಯಿಲ್ಲ, ಆದರೆ ಸಕ್ಕರೆ ಪಾಕದಲ್ಲಿ ಮುಳುಗಿರುತ್ತದೆ, ಬೆಲ್ಲ ಹಾಕುವ ಮುಂಚೆ ರುಚಿ ನೋಡಿ.

ಮಾವಿನಹಣ್ಣಿನಲ್ಲಿ, ಅದರಲ್ಲೂ ಪೂರ್ತಿ ಹಣ್ಣಾದ ಆಪೂಸಿನಲ್ಲಿ, ಸಿಹಿ ಜಾಸ್ತಿ ಹುಳಿ ಕಡಿಮೆ. ನಿಂಬೆ ಅಥವಾ ತುರಿದ ಮಾವಿನಕಾಯಿ ಸೇರಿಸದಿದ್ದರೆ ಚಿಕನ್ ಮೇಲೆ ಸೀಕರಣೆ ಸುರಿದಂತಾಗುತ್ತದೆ. ತಿರುಳು ದಪ್ಪವಿರುವುದರಿಂದ ತಳ ಹಿಡಿಯುತ್ತದೆ, ಕೈ ಬಿಡದೆ ತಿರುವಬೇಕು.

ಸೊಲ್ಲಾಪುರ, ವಿಜಯಪುರ ಕಡೆಯ ದಾಳಿಂಬೆ ಸಿಗುವವರು ಅದನ್ನೊಮ್ಮೆ ಪ್ರಯತ್ನಿಸಬೇಕು. ಒಂದು ಲೀಟರ್ ರಸ, ಅರ್ಧ ಕಪ್ ಸಕ್ಕರೆ, ಎರಡು ನಿಂಬೆಹಣ್ಣಿನ ರಸ ಕೂಡಿ ಒಂದು ಕಪ್‌ಗೆ ಬತ್ತಿದರೆ ಕಡುಗೆಂಪು ಪಾಕ ಸಿದ್ಧ. ಇರಾನಿನವರು ಇಂಥದೇ ದಾಳಿಂಬೆ ಪಾಕಕ್ಕೆ ಅಕ್ರೋಟ್ ಅರೆದು ಹಾಕಿ ಫೆಸೆಂಜಾನ್ ಎಂಬ ಕೋಳಿ ಅಡುಗೆ ಮಾಡುತ್ತಾರೆ. ಒಂದು ಲೀಟರ್ ರಸಕ್ಕೆ ಬೇಕಾಗುವ ಹಣ್ಣಿನ ಬೆಲೆ ಮಾತ್ರ ಚಿಕನ್‌ಗಿಂತ ಹೆಚ್ಚಾಗಬಹುದು.

ಹುಳಿಗಾಗಿ ವಿನೆಗರ್ ಬಾಟಲಿಯನ್ನೇ ಹುಡುಕಬೇಕಿಲ್ಲ. ಕೊಡಗಿನ ಕಾಚಂಪುಳಿ ಕೂಡ ಹಣ್ಣಿನ ರಸವನ್ನು ಕಪ್ಪಗೆ ಅಂಟಂಟಾಗುವ ತನಕ ಬತ್ತಿಸಿ ಮಾಡಿದ್ದೇ. ಪಂದಿ ಕರಿಗೆ ಅದನ್ನು ಹಾಕುವುದೂ ಕೊನೆಯಲ್ಲಿ. ಕಿತ್ತಳೆ ಗ್ಲೇಜ್‌ಗೆ ವಿನೆಗರ್ ಬದಲು ಅರ್ಧ ಟೀ ಚಮಚ ಕಾಚಂಪುಳಿ ಹಾಕಿ ನೋಡಿ, ಅದಕ್ಕಿಂತ ಜಾಸ್ತಿ ಹಾಕಿದರೆ ಬಾಯಿ ಹುಳಿಗೆ ಮುದುರುತ್ತದೆ. ಪುನರ್ಪುಳಿ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ರಸಕ್ಕೆ ಬೆಲ್ಲ ಸೇರಿಸಿ ಕುದಿಸಿದರೂ ಒಳ್ಳೆಯ ಗ್ಲೇಜ್ ಆಗುತ್ತದೆ.

ಇದೆಲ್ಲ ಪುರುಸೊತ್ತಿಲ್ಲದವರಿಗೆ ಮಾರ್ಮಲೇಡ್ ಅಥವಾ ಜಾಮ್ ದಾರಿಯಿದೆ. 3 ದೊಡ್ಡ ಚಮಚ ಮಾರ್ಮಲೇಡ್‌ಗೆ ನಿಂಬೆರಸ, ಖಾರ, ಸ್ವಲ್ಪ ಬಿಸಿನೀರು ಕಲಸಿದರೆ ಐದು ನಿಮಿಷದ ಕೆಲಸ. ಅದರಲ್ಲಿರುವ ಪೆಕ್ಟಿನ್ ಮಾಂಸಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಆದರೆ ಜಾಮ್‌ನಲ್ಲಿ ಸುಮಾರು ಮೂರನೇ ಎರಡು ಭಾಗ ಸಕ್ಕರೆಯೇ, ಇನ್ನಷ್ಟು ಬೆಲ್ಲ ಸುರಿಯುವ ಅಗತ್ಯವಿಲ್ಲ. ಮನೆಯಲ್ಲಿ ಮಧುಮೇಹಿಗಳಿದ್ದರೆ ಅವರ ತುಂಡನ್ನು ಗ್ಲೇಜ್ ಹಚ್ಚುವ ಮೊದಲೇ ತೆಗೆದಿಟ್ಟು, ನಿಂಬೆ ಹಿಂಡಿ ಕೊಡಬಹುದು. ಹಣ್ಣಿನದ್ದೆಂಬ ಕಾರಣಕ್ಕೆ ಬತ್ತಿಸಿದ ರಸದ ಸಕ್ಕರೆ ಕಡಿಮೆಯಾಗುವುದಿಲ್ಲ. ನೀರು ಹೋಗಿರುವುದರಿಂದ ಚಮಚವೊಂದರಲ್ಲಿ ಸಕ್ಕರೆ ಹೆಚ್ಚೇ ಇರುತ್ತದೆ.

ಬ್ರಷ್ ಮರೆಯಬೇಡಿ

ಹಸಿ ಚಿಕನ್‌ಗೆ ಎಣ್ಣೆ ಸವರಿದ ಬ್ರಷ್ಷನ್ನೇ ಗ್ಲೇಜ್ ಬಟ್ಟಲಿಗೆ ಅದ್ದುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಹಸಿ ಮಾಂಸದ ಬ್ಯಾಕ್ಟೀರಿಯಾ ಬಟ್ಟಲಿಗೆ ಇಳಿದು, ಅಲ್ಲಿಂದ ಬೆಂದ ಚಿಕನ್ ಮೇಲೆ ಮತ್ತೆ ಏರುತ್ತದೆ. ಗ್ಲೇಜ್ ಸಿದ್ಧವಾದ ಕೂಡಲೇ ಎರಡು ಪಾಲು ಮಾಡಿ: ಒಂದು ಹಚ್ಚಲು, ಇನ್ನೊಂದು ಊಟದ ಮೇಜಿಗೆ. ಹಚ್ಚಲು ಬೇರೆ ಬ್ರಷ್ ಅಥವಾ ಒಂದು ಚಮಚ ಸಾಕು. ಮೇಜಿನ ಪಾಲಿನಲ್ಲಿ ಉಳಿದದ್ದನ್ನು ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರ್ನಾಲ್ಕು ದಿನ ಬರುತ್ತದೆ. ಉಳಿದ ಚಿಕನ್ 2 ಗಂಟೆಯೊಳಗೆ ಫ್ರಿಜ್ ಸೇರಲಿ. ಮರುದಿನ ಅದನ್ನು ಬಿಡಿಸಿ, ಬಿಸಿ ಮಾಡಿ, ಚಪಾತಿಯಲ್ಲಿ ಹಸಿ ಈರುಳ್ಳಿಯ ಜೊತೆ ಸುತ್ತಿದರೆ ಆಫೀಸ್ ಡಬ್ಬಿಗೆ ಆಯಿತು.